ಹತ್ತು ಸಾವಿರ ಹೆಜ್ಜೆ ಆಮೇಲೆ, ಮೊದಲು ಅಂಗಾಲು ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಆರೋಗ್ಯದ ಪುಟ ನಾನು ಬಿಡದೆ ಓದ್ತೀನಿ, ಅದ್ರಲ್ಲಿ ವಯಸ್ಸಾದವರಿಗೆ ಅಂತ ಏನೇ ಬಂದ್ರೂ ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ, ದಿನಾ ವಾಕಿಂಗ್ ಮಾಡಿ, ಹತ್ತು ಸಾವಿರ ಹೆಜ್ಜೆ ಹಾಕಿ. ಈ ಹತ್ತು ಸಾವಿರದ ಲೆಕ್ಕ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ, 1960ರ ದಶಕದಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಮೆಷಿನ್ನು ಮಾರೋಕೆ ಅಂತ ಅದಕ್ಕೆ ಇಟ್ಟ ಹೆಸರಿಂದ ಬಂದಿದ್ದು, ಅದು ಹಾಗಿರಲಿ. ನನ್ನ ತಕರಾರು ಬೇರೆ. ನಡೀರಿ ನಡೀರಿ ಅಂತ ಎಲ್ಲರೂ ಹೇಳ್ತಾರೆ, ನಡೆಯೋ ಪಾದ ಹೇಗಿದೆ ಅಂತ ಒಬ್ಬರೂ ಕೇಳಲ್ಲ. ಹಲ್ಲಿಗೆ ಡಾಕ್ಟರಿದಾರೆ, ಕಣ್ಣಿಗೆ ಊರೂರಲ್ಲಿ ಕ್ಯಾಂಪ್ ಇದೆ, ಕಿವಿಗೆ ಮೆಷಿನ್ ಕೊಡ್ತಾರೆ. ಪಾದಕ್ಕೆ ಯಾರಿದಾರೆ ಹೇಳಿ.

ನಾನು ಸರ್ಕಾರಿ ಆಸ್ಪತ್ರೆಲಿ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದವಳು, ಹಾಸನ ಜಿಲ್ಲೆ. ಸರ್ವೀಸಲ್ಲಿ ಬಹಳ ವರ್ಷ ಡ್ರೆಸ್ಸಿಂಗ್ ರೂಮಲ್ಲೇ ಹೋಯ್ತು, ಅಲ್ಲಿ ಕೆಲಸ ಮಾಡಿದವರಿಗೆ ಊರಿನ ಹಿರಿಯರ ಮುಖಕ್ಕಿಂತ ಕಾಲೇ ಜಾಸ್ತಿ ಪರಿಚಯ. ಮನೆಯವರು ಕರ್ಕೊಂಡು ಬಂದು ಹೇಳೋದು ಒಂದೇ ಮಾತು, "ವಯಸ್ಸಾಯ್ತಲ್ಲ ಸಿಸ್ಟರ್, ಈಗ ಓಡಾಡಲ್ಲ, ಕೂತ್ಕಡೆನೇ ಇರ್ತಾರೆ." ಮಂಡಿ ಸವೆದಿದೆ ಅಂತ ಅವರೇ ತೀರ್ಮಾನ ಮಾಡ್ಕೊಂಡಿರ್ತಾರೆ. ಮಂಡಿ ಸವೆದಿರೋದೂ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ ಚಪ್ಪಲಿ ಬಿಚ್ಚಿಸಿ, ಪಂಚೆ ಸ್ವಲ್ಪ ಮೇಲೆತ್ತಿ, ಲೈಟ್ ಬಿಟ್ಟು ಅಂಗಾಲು ನೋಡಿದ್ರೆ ಎಷ್ಟೋ ಸಲ ಕಾರಣ ಅಲ್ಲೇ ಕೂತಿರತ್ತೆ. ಕಿರುಬೆರಳ ಮೇಲೊಂದು ಆಣಿ. ಹೆಬ್ಬೆರಳಿನ ಉಗುರು ಪಕ್ಕದಿಂದ ಮಾಂಸದೊಳಗೆ ಇಳಿದಿರೋದು. ಹಿಮ್ಮಡಿ ಒಡೆದು ಬಿರುಕಲ್ಲಿ ರಕ್ತ ಜಿನುಗ್ತಿರೋದು. ಬೆರಳ ಸಂದಿ ದಿನಾ ನೀರಲ್ಲಿ ನೆಂದು ಬೆಳ್ಳಗೆ ಸುಲಿದಿರೋದು. ಇವು ಒಂದೂ ದೊಡ್ಡ ಕಾಯಿಲೆ ಅಲ್ಲ, ಯಾವ ರಿಪೋರ್ಟಲ್ಲೂ ಬರಲ್ಲ, ಎಕ್ಸ್‌ರೇಲಿ ಕಾಣಲ್ಲ, ಅದಕ್ಕೇ ಲೆಕ್ಕಕ್ಕೇ ಇಲ್ಲ.

ಆಮೇಲೆ ಆಗೋದು ನೋಡಿ. ನೋಯೋ ಕಾಲಿಗೆ ಭಾರ ಹಾಕದೆ ಇನ್ನೊಂದು ಕಾಲಿನ ಕಡೆ ವಾಲ್ಕೊಂಡು ನಡೀತಾರೆ, ಸ್ವಲ್ಪ ದಿನಕ್ಕೆ ಆ ಕಡೆ ಮಂಡಿ ಹಿಡ್ಕೊಳತ್ತೆ, ಸೊಂಟ ಹಿಡ್ಕೊಳತ್ತೆ, ಒಂದ್ಸಲ ಬಚ್ಚಲಲ್ಲಿ ಜಾರಿದ್ರೆ ಮುಗೀತು ಭಯ ಹಿಡೀತು, ಹಾಲು ತರೋಕೆ ಹೋಗೋದು ನಿಂತೋಯ್ತು, ದೇವಸ್ಥಾನ ನಿಂತೋಯ್ತು, ಪಕ್ಕದ ಮನೆ ಜಗಲಿ ನಿಂತೋಯ್ತು, ಕೂತು ಕೂತು ತೊಡೆ ಮೀನಖಂಡ ಎಲ್ಲ ಇಳಿದುಹೋಗತ್ತೆ, ಎಪ್ಪತ್ತೈದು ಎಂಬತ್ತರ ಮೇಲೆ ಹೋದ ಶಕ್ತಿ ವಾಪಸ್ ಬರೋದು ಬಲು ನಿಧಾನ. ಒಂದು ಆಣಿಯಿಂದ ಶುರುವಾಗಿದ್ದು ಎರಡು ವರ್ಷದಲ್ಲಿ ಮಂಚಕ್ಕೆ ಬಂದು ನಿಂತಿರೋದನ್ನ ಕಂಡಿದೀನಿ. ಆಗ್ಲೂ ಮನೆಯವರು ಹೇಳೋದು ವಯಸ್ಸಾಯ್ತು ಅಂತಾನೆ.

ಉಗುರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಓದೋರಿಗೆ ಇದೊಂದು ವಿಷಯನಾ ಅನ್ನಿಸಬಹುದು. ಎಂಬತ್ತು ವರ್ಷದವರಿಗೆ ಬಗ್ಗಿ ತಮ್ಮ ಕಾಲುಗುರು ಮುಟ್ಟೋಕೇ ಆಗಲ್ಲ, ಸೊಂಟ ಬಗ್ಗಲ್ಲ, ಹೊಟ್ಟೆ ಅಡ್ಡ ಬರತ್ತೆ, ಬಗ್ಗಿದ್ರೆ ತಲೆಸುತ್ತು, ಕಣ್ಣು ಮಂಜು, ಕೈ ನಡುಕ. ಉಗುರೋ, ವಯಸ್ಸಾದ ಹಾಗೆ ದಪ್ಪ ಆಗತ್ತೆ, ಫಂಗಸ್ ಹಿಡಿದ್ರೆ ಹಳದಿಯಾಗಿ ಪುಡಿಪುಡಿ ಆಗತ್ತೆ, ಇನ್ನೂ ಬಿಟ್ರೆ ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡು ಪಕ್ಕದ ಬೆರಳಿಗೆ ಚುಚ್ಚತ್ತೆ. ಅಂಗಡಿಲಿ ಸಿಗೋ ಚಿಕ್ಕ ನೈಲ್ ಕಟರಿನ ಬಾಯಿಗೆ ಆ ಉಗುರು ಹಿಡಿಯೋದೇ ಇಲ್ಲ. ಹಿಂದೆ ಹಳ್ಳಿಲಿ ಕ್ಷೌರಕ್ಕೆ ಬರೋರು ಉಗುರನ್ನೂ ತೆಗೆದುಕೊಡ್ತಿದ್ರು, ಈಗ ಆ ಪದ್ಧತಿ ಎಲ್ಲಿದೆ. ಸಿಟಿ ಬ್ಯೂಟಿ ಪಾರ್ಲರ್‌ನಲ್ಲಿ ಪೆಡಿಕ್ಯೂರ್ ಮಾಡ್ತಾರೆ, ಆದ್ರೆ ಅಜ್ಜನ್ನ ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ, ಹೋದ್ರೂ ಅಂಥ ಉಗುರು ನೋಡಿ ಅವರು ಕೈ ಹಾಕಲ್ಲ. ಹಾಗಾಗಿ ಅಜ್ಜ ಏನ್ಮಾಡ್ತಾರೆ, ಶೇವಿಂಗ್ ಬ್ಲೇಡ್ ತಗೊಂಡು ಜಗಲಿ ಮೇಲೆ ಕೂತು ಅಂದಾಜಿನ ಮೇಲೆ ಕೆರೀತಾರೆ. ಶುಗರ್ ಇದ್ದೋರು ಹೀಗೆ ಮಾಡ್ಕೊಂಡು ಬೆರಳು ಕಳ್ಕೊಂಡಿದ್ದು ಉಂಟು.

ಮಾಡ್ಬೇಕಾಗಿರೋದು ಕಷ್ಟದ್ದೇನಲ್ಲ. ಸ್ನಾನ ಆದ ಮೇಲೆ ಉಗುರು ಮೆತ್ತಗಿರತ್ತೆ, ಆಗ ಕಾಲುಗುರಿಗೇ ಅಂತ ಸಿಗೋ ದೊಡ್ಡ ಕಟರ್ ತಗೊಂಡು ನೇರಕ್ಕೆ ಕತ್ತರಿಸ್ಬೇಕು, ಮೂಲೆ ಒಳಗೆ ಹೋಗಿ ಕೆತ್ತಬಾರದು, ಒಂದೇ ಸಲಕ್ಕೆ ಪೂರ್ತಿ ತೆಗಿಬಾರದು. ದಪ್ಪ ಇದ್ರೆ ಅರದಿಂದ ಉಜ್ಜಿ ತೆಳ್ಳಗೆ ಮಾಡೋದು. ಮಗನೋ ಸೊಸೆನೋ ಮೊಮ್ಮಗಳೋ ತಿಂಗಳಿಗೊಂದ್ಸಲ ಒಂದು ಅರ್ಧ ಗಂಟೆ ಕೂರ್ಬೇಕು ಅಷ್ಟೇ. ಹಬ್ಬದ ದಿನ ಕಾಲಿಗೆ ಬಿದ್ದು ಆಶೀರ್ವಾದ ತಗೊಳೋ ನಾವು ಅದೇ ಕಾಲನ್ನ ತೊಡೆ ಮೇಲಿಟ್ಕೊಂಡು ಉಗುರು ತೆಗಿ ಅಂದ್ರೆ ಹಿಂದೆಮುಂದೆ ನೋಡ್ತೀವಿ. ಹಿರಿಯರೂ ಬಿಡಲ್ಲ ಅನ್ನಿ, "ನೀನ್ಯಾಕೆ ನನ್ನ ಕಾಲು ಹಿಡೀತಿ, ಬಿಡು" ಅಂತ ಎಳ್ಕೋತಾರೆ. ಆ ನಾಚಿಕೆ ಮೀರ್ಬೇಕು ಎರಡೂ ಕಡೆ.

ಇನ್ನು ನಮ್ಮ ಹೆಂಗಸರ ಕಾಲುಂಗುರ. ಇದನ್ನ ಯಾವ ಡಾಕ್ಟರ್ ಲೇಖನದಲ್ಲೂ ನಾನು ಓದಿಲ್ಲ, ಆದ್ರೆ ಡ್ರೆಸ್ಸಿಂಗ್ ರೂಮಲ್ಲಿ ಬೇಕಾದಷ್ಟು ನೋಡಿದೀನಿ. ಮದುವೇಲಿ ಹಾಕಿದ್ದು, ಆಗ ಬೆರಳು ಸಣ್ಣ, ಐವತ್ತು ವರ್ಷ ಆದ್ಮೇಲೆ ಬೆರಳು ದಪ್ಪ, ಜೊತೆಗೆ ಕಾಲು ಊತ, ಬೆಳ್ಳಿ ಸುತ್ತು ಚರ್ಮದೊಳಗೆ ಕೂತುಬಿಟ್ಟಿರತ್ತೆ, ಸುತ್ತ ನೀರು ನಿಂತು ಹುಣ್ಣು. ತೆಗೆಯೋಣ ಅಮ್ಮ ಅಂದ್ರೆ "ಯಜಮಾನ್ರು ಇರೋವಾಗ ಹೆಂಗೆ ತೆಗೀಲಿ" ಅಂತ ಕಣ್ಣಲ್ಲಿ ನೀರು. ಬಲವಂತ ಮಾಡೋ ಬದಲು ನಾವು ಹೇಳ್ತಿದ್ದಿದ್ದು ಇಷ್ಟೇ, ಅಕ್ಕಸಾಲಿಗರ ಹತ್ರ ಕತ್ತರಿಸಿ ತೆಗೆಸಿ, ಅದೇ ಬೆಳ್ಳಿಲಿ ಬಾಯಿ ಬಿಟ್ಟಿರೋ ಸಡಿಲ ಸುತ್ತು ಮಾಡಿಸ್ಕೊಳಿ, ಗಾಯ ಮಾಯೋವರೆಗೂ ದೇವರ ಮುಂದೆ ಇಡಿ. ಬಹಳ ಜನ ಒಪ್ಪೋರು. ಕಾಲು ಊತ ಯಾಕೆ ಅಂತಾನೂ ನೋಡ್ಬೇಕು. ಬಿಪಿಗೆ ಕೊಡೋ ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಎರಡೂ ಕಾಲು ಊದತ್ತೆ, ಅದಕ್ಕೆ ಮಾತ್ರೆ ನೀವೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ ಬದಲಾಯಿಸ್ಕೊಡ್ತಾರೆ. ಊತದ ಜೊತೆ ಏದುಸಿರು ಇದ್ರೆ, ಇಲ್ಲ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ಮೀನಖಂಡ ನೋವು ಬಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ, ಅವತ್ತೇ ಆಸ್ಪತ್ರೆಗೆ.

ಈಗ ಶುಗರ್. ವೈದ್ಯಕೀಯ ಸಂಶೋಧನೆ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ ಐಸಿಎಂಆರ್‌ನವರು 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೇಲೆ ಜನಕ್ಕೆ ಶುಗರ್ ಇದೆ. ವರ್ಷಗಟ್ಟಲೆ ಶುಗರ್ ಇದ್ದೋರಿಗೆ ಪಾದದ ನರ ಸಾಯತ್ತೆ, ಮೊದಲು ಜುಮುಜುಮು, ರಾತ್ರಿ ಉರಿ, ಆಮೇಲೆ ಏನೂ ಇಲ್ಲ. ಈ ಏನೂ ಇಲ್ಲ ಅನ್ನೋದೇ ಅಪಾಯ, ಜನ ಮಾತ್ರ ಉರಿ ನಿಂತೋಯ್ತು, ವಾಸಿಯಾಯ್ತು ಅಂದ್ಕೋತಾರೆ. ಒಬ್ಬರು ಹಿರಿಯರು, ಹೊಲಗದ್ದೆ ಇರೋರು, ಕಾಲು ವಾಸನೆ ಬರ್ತಿದೆ ಅಂತ ಮೊಮ್ಮಗ ಕರ್ಕೊಂಡು ಬಂದ. ಚಪ್ಪಲಿ ಬಿಚ್ಚೋಣ ಅಂದ್ರೆ ಅದು ಬರ್ತಾನೇ ಇಲ್ಲ. ತಿರುಗಿಸಿ ನೋಡಿದ್ರೆ ಕೆಳಗಿಂದ ಒಂದು ಮೊಳೆ ಅಟ್ಟೆ ದಾಟಿ ಪಾದಕ್ಕೆ ಇಳಿದಿದೆ, ಚಪ್ಪಲಿನೂ ಕಾಲೂ ಒಂದೇ ಆಗಿದೆ, ಆ ಮನುಷ್ಯ ಅದರ ಮೇಲೇ ತೋಟಕ್ಕೆ ಓಡಾಡ್ತಿದ್ರು, ನೋವಾಗಲಿಲ್ವಾ ಅಂದ್ರೆ "ಇಲ್ಲವ್ವ, ಸ್ವಲ್ಪ ಭಾರ ಅನ್ನಿಸ್ತು" ಅಂದ್ರು. ಮನೇಲಿ ಯಾರಾದ್ರೂ ದಿನಾ ರಾತ್ರಿ ಒಂದ್ಸಲ ಆ ಅಂಗಾಲು ನೋಡಿದ್ರೆ ಸಾಕಿತ್ತು. ತಾವೇ ನೋಡ್ಕೊಳೋರಿಗೆ ನೆಲದ ಮೇಲೆ ಒಂದು ಕನ್ನಡಿ ಇಟ್ರೂ ಆಗತ್ತೆ. ಚಪ್ಪಲಿ ಹಾಕೋ ಮುಂಚೆ ಒಳಗೆ ಕೈಯಾಡಿಸಿ ನೋಡೋದನ್ನ ಅಭ್ಯಾಸ ಮಾಡ್ಕೊಳಿ.

ಜೋಮು ಇದೆಯೋ ಇಲ್ವೋ ಅಂತ ಮನೇಲೇ ನೋಡೋ ಒಂದು ಸುಲಭದ ದಾರಿ ಇದೆ, ಇಂಗ್ಲೆಂಡಿನ ಇಪ್ಸ್‌ವಿಚ್ ಅನ್ನೋ ಊರಿನ ಡಾಕ್ಟರುಗಳು ಹೇಳ್ಕೊಟ್ಟಿದ್ದು, ಯಾವ ಉಪಕರಣನೂ ಬೇಡ. ಅಪ್ಪನ್ನೋ ಅಮ್ಮನ್ನೋ ಮಲಗಿಸಿ ಕಣ್ಣು ಮುಚ್ಚೋಕೆ ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಎರಡೂ ಕಾಲಿಂದ ಒಟ್ಟು ಆರು ಬೆರಳ ತುದೀನ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸುಮ್ನೆ ಮುಟ್ಟಿ ಅಷ್ಟೇ. ಮುಟ್ಟಿದ್ದು ಗೊತ್ತಾದ್ರೆ ಬಲ ಅಥವಾ ಎಡ ಅನ್ನಲಿ. ಆರರಲ್ಲಿ ಎರಡು ಅಥವಾ ಜಾಸ್ತಿ ತಪ್ಪಿದ್ರೆ ಪಾದಕ್ಕೆ ಸ್ಪರ್ಶ ಕಮ್ಮಿಯಾಗಿದೆ ಅಂತ ಲೆಕ್ಕ, ಡಾಕ್ಟರ ಹತ್ರ ಹೋಗ್ಬೇಕು. ಅಲ್ಲಿ ಮೊನೊಫಿಲಮೆಂಟ್ ಅಂತ ಒಂದು ಗಟ್ಟಿ ನೈಲಾನ್ ಎಳೆ ಇರತ್ತೆ, ಪಾದಕ್ಕೆ ಒತ್ತಿದಾಗ 10 ಗ್ರಾಂ ಒತ್ತಡಕ್ಕೆ ಬಾಗತ್ತೆ, ಅದರಲ್ಲಿ ಖಾತ್ರಿ ಮಾಡ್ತಾರೆ. ಎರಡು ನಿಮಿಷದ ಕೆಲಸ. ಶುಗರ್ ಚೀಟಿ ಬರೆಸ್ಕೊಳೋಕೆ ಬಂದ ಹಿರಿಯರಿಗೆ ಇದನ್ನ ಮಾಡಿರೋ ಓಪಿಡಿ ಎಷ್ಟಿದೆ ಅಂತ ಓದುಗರೇ ನೆನಪು ಮಾಡ್ಕೊಳ್ಲಿ.

ಜೋಮು ಇರೋ ಕಾಲಿಗೆ ಎರಡು ಕೆಲಸ ಮಾತ್ರ ಸುತರಾಂ ಮಾಡ್ಬೇಡಿ. ಒಂದು, ಕಾಲು ನೋವು ಅಂತ ಬಕೆಟಲ್ಲಿ ಬಿಸಿನೀರು ಉಪ್ಪು ಹಾಕಿ ಕಾಲಿಡೋದು, ಅವರಿಗೆ ಸುಡೋದು ಗೊತ್ತಾಗಲ್ಲ, ಬೊಬ್ಬೆ ಬಂದ ಮೇಲೇ ಗೊತ್ತಾಗೋದು. ಬೆಚ್ಚಗಿನ ನೀರೇ ಆದ್ರೂ ಬೇರೆಯವರು ಮೊಣಕೈ ಅದ್ದಿ ನೋಡ್ಬೇಕು. ಇನ್ನೊಂದು ಮೆಡಿಕಲ್ ಶಾಪಲ್ಲಿ ಸಿಗೋ ಕಾರ್ನ್ ಕ್ಯಾಪ್. ಅದರಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರತ್ತೆ, ಆಣಿ ಜೊತೆ ಒಳ್ಳೆ ಚರ್ಮನೂ ತಿನ್ನತ್ತೆ, ಶುಗರ್ ಇರೋರಿಗೆ ಅಲ್ಲಿಂದಲೇ ಹುಣ್ಣು ಶುರು. ಬೀಡಿ ಸೇದೋ ಅಜ್ಜಂದಿರ ಕಥೆ ಇನ್ನೂ ಬೇರೆ, ಸ್ವಲ್ಪ ದೂರ ನಡೆದ್ರೆ ಮೀನಖಂಡ ಹಿಡ್ಕೊಳತ್ತೆ, ನಿಂತ್ರೆ ಬಿಡತ್ತೆ, ಮತ್ತೆ ನಡೆದ್ರೆ ಮತ್ತೆ ಅದೇ ದೂರಕ್ಕೆ ಹಿಡ್ಕೊಳತ್ತೆ, ಇದು ವಾಯು ಅಲ್ಲ, ಕಾಲಿನ ರಕ್ತನಾಳ ಕಟ್ಕೊಂಡಿರೋ ಲಕ್ಷಣ, ಎಣ್ಣೆ ಹಚ್ಚಿ ತಿಕ್ಕಿದ್ರೆ ಹೋಗಲ್ಲ.

ಈಗ ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣಕ್ಕೆ ಬರ್ತೀನಿ. ಜೋಮು ಹಿಡಿದ ಪಾದ ಹೇಗೆ ಕಾಪಾಡ್ಬೇಕು ಅನ್ನೋದು ನಮ್ಮ ಸರ್ಕಾರಿ ಆರೋಗ್ಯ ಇಲಾಖೆಗೆ ಹೊಸ ವಿದ್ಯೆ ಅಲ್ಲ ಸ್ವಾಮಿ. ಕುಷ್ಠರೋಗದಲ್ಲಿ ಆಗೋದೂ ಇದೇ ತಾನೇ, ನರ ಸತ್ತು ಸ್ಪರ್ಶ ಹೋಗಿ ಗೊತ್ತಿಲ್ಲದೆ ಗಾಯ ಆಗೋದು. ಬೆರಳು ಕುಷ್ಠದಿಂದ ತಾನಾಗೇ ಉದುರಲ್ಲ, ನೋವು ಗೊತ್ತಾಗದೆ ಪೆಟ್ಟಾಗಿ ಆಗಿ ಹೋಗತ್ತೆ ಅಂತ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಅನ್ನೋರು ಸ್ವಾತಂತ್ರ್ಯ ಬಂದ ಹೊಸದರಲ್ಲೇ ಕೆಲಸ ಶುರು ಮಾಡಿ ತೋರಿಸ್ಕೊಟ್ಟಿದ್ದು. ಅದಾದ ಮೇಲೇ ಮೆತ್ತನೆ ರಬ್ಬರ್ ಒಳಅಟ್ಟೆಯ ಎಂಸಿಆರ್ ಚಪ್ಪಲಿ ಬಂತು, ಒಳಗೆ ಮೆತ್ತಗೆ, ಕೆಳಗೆ ಮುಳ್ಳು ನಾಟದ ಹಾಗೆ ಗಟ್ಟಿ, ಹಿಂದೆ ಪಟ್ಟಿ, ಮೊಳೆ ಇಲ್ಲದೆ ಅಂಟಿಸಿ ಹೊಲಿದಿದ್ದು. ಇವತ್ತಿಗೂ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಸ್ಪರ್ಶ ಹೋದ ಪಾದದವರಿಗೆ ಈ ಚಪ್ಪಲಿ ಪುಕ್ಕಟೆ ಕೊಡ್ತಾರೆ, ಜೊತೆಗೆ ದಿನಾ ತಣ್ಣೀರಲ್ಲಿ ಪಾದ ನೆನೆಸಿ, ಜಡ್ಡುಗಟ್ಟಿದ ಕಡೆ ಕಲ್ಲಲ್ಲಿ ಹಗುರವಾಗಿ ಉಜ್ಜಿ, ಒರೆಸಿ ಎಣ್ಣೆ ಹಚ್ಚೋದನ್ನ ಹೇಳ್ಕೊಡ್ತಾರೆ. ಅಳತೆ ತಗೊಳೋದು ಗೊತ್ತಿದೆ, ಚಪ್ಪಲಿ ಮಾಡೋರಿದಾರೆ, ಕಲಿಸೋರಿದಾರೆ, ರಿಜಿಸ್ಟರ್ ಇದೆ. ಅದೇ ಬಾಗಿಲ ಮುಂದೆ ಶುಗರಿಂದ ಜೋಮು ಹಿಡಿದ ಅಜ್ಜಿ ಬಂದು ನಿಂತ್ರೆ ಮಾತ್ರ ಇದು ನಿಮಗಲ್ಲ ಅಂತಾರೆ. ಕಾಯಿಲೆ ಬೇರೆ ಇರಬಹುದು, ಪಾದದ ಕಷ್ಟ ಒಂದೇ, ಬೇಕಾಗಿರೋ ಚಪ್ಪಲಿ ಒಂದೇ. ಇಲ್ಲೊಂದು ಸಮಾಜದ ಕೊಂಕೂ ಇದೆ, ಹೇಳ್ಬಿಡ್ತೀನಿ. "ಅದು ಆ ಕಾಯಿಲೆಯವರ ಚಪ್ಪಲಿ, ನಮಗೆ ಬೇಡ" ಅಂತ ಎಂಸಿಆರ್ ಹಾಕದೇ ಇರೋ ಶುಗರ್ ಪೇಷಂಟುಗಳೂ ಇದ್ರು. ಈಗ ಎಲ್ಲ ಕಡೆ ಡಾಕ್ಟರ್ ಚಪ್ಪಲಿ ಅಂತ ಬಣ್ಣಬಣ್ಣದ್ದು ಬಂದು ಆ ಮಾತು ಕಮ್ಮಿಯಾಗಿದೆ.

ಬೆಂಗಳೂರಲ್ಲಿ ಶುಗರ್, ಹಾರ್ಮೋನ್ ಕಾಯಿಲೆ ನೋಡೋ ಸರ್ಕಾರದ್ದೇ ಎಂಡೋಕ್ರೈನಾಲಜಿ ಸಂಸ್ಥೆಲಿ ಪಾದಕ್ಕೇ ಅಂತ ಪೋಡಿಯಾಟ್ರಿ ವಿಭಾಗ ಇದೆ, ಒಳ್ಳೆ ಕೆಲಸ ಮಾಡ್ತಾರೆ. ಆದ್ರೆ ಹಾಸನದ ಕಡೆಯಿಂದ ಒಬ್ಬ ಅಜ್ಜಿ ಉಗುರು ತೆಗೆಸೋಕೆ, ಆಣಿ ಕೆತ್ತಿಸೋಕೆ ಬೆಂಗಳೂರಿಗೆ ಹೋಗೋಕಾಗತ್ತಾ? ಗಾಯ ಕೊಳೆತ ಮೇಲೆ ಹೋಗ್ತಾರೆ, ಆಗ ಬೆರಳು ಉಳಿಸೋ ಮಾತು ಬರತ್ತೆ. ಈ ಕೆಲಸ ತಾಲ್ಲೂಕು ಆಸ್ಪತ್ರೆಲಿ ಆಗ್ಬೇಕು, ತರಬೇತಿ ಕೊಟ್ಟ ಒಬ್ಬ ನರ್ಸು, ಒಂದು ಸ್ಟೂಲು, ದೊಡ್ಡ ಕಟರು, ಅರ, ಮೊನೊಫಿಲಮೆಂಟು, ಒಂದು ಟಬ್ ನೀರು. 2007ರ ಹಿರಿಯ ನಾಗರಿಕರ ಕಾಯ್ದೆಲಿ ಸರ್ಕಾರಿ ಆಸ್ಪತ್ರೆಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರ್ಬೇಕು ಅಂತಿದೆ, ಬೋರ್ಡ್ ಇದೆ, ಸಾಲೂ ಇರತ್ತೆ ಕೆಲವು ಕಡೆ, ಸಾಲಿನ ಕೊನೇಲಿ ಪಾದ ನೋಡೋರು ಇಲ್ಲ.

ಚಪ್ಪಲಿ ಅಂದ ಮೇಲೆ ಅಂಗಡಿ ಚಪ್ಪಲಿ ವಿಷಯನೂ ಹೇಳ್ಬೇಕು. ನಮ್ಮ ಅಂಗಡಿಗಳಲ್ಲಿ ಸಿಗೋದೆಲ್ಲ ಬ್ರಿಟಿಷ್, ಯುರೋಪಿನ ನಂಬರಿನ ಅಳತೆ. ಚೆನ್ನೈನ ಚರ್ಮ ಸಂಶೋಧನಾ ಸಂಸ್ಥೆ, ಸಿಎಲ್‌ಆರ್‌ಐ, ಅವರು 2021ರ ಡಿಸೆಂಬರಿಂದ 2022ರ ಮಾರ್ಚ್ ತನಕ ದೇಶದ ತುಂಬ ಸುಮಾರು ಒಂದು ಲಕ್ಷ ಜನರ ಪಾದ ಅಳೆದು ನೋಡಿದ್ರೆ ನಮ್ಮವರ ಪಾದ ಅಗಲ ಅಂತ ಬಂತು, ಅದಕ್ಕೇ "ಭಾ" ಅಂತ ನಮ್ಮದೇ ಅಳತೆ ತರೋಕೆ ಹೊರಟಿದ್ದು. ಅದು ಅಂಗಡಿಗೆ ಬರೋವರೆಗೂ ಅಗಲ ಪಾದದ ನಮ್ಮ ಹಿರಿಯರು ಉದ್ದದ ನಂಬರ್ ದೊಡ್ಡದು ತಗೊಂಡು ಅಗಲ ಸರಿಮಾಡ್ಕೋತಾರೆ, ಆಗ ಮುಂದೆ ತುದಿ ಮಿಕ್ಕತ್ತೆ, ಅದೇ ಹೊಸ್ತಿಲಿಗೆ ತಾಗಿ ಮುಗ್ಗರಿಸ್ತಾರೆ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರತ್ತೆ, ಚಪ್ಪಲಿ ತಗೊಳೋದಾದ್ರೆ ಆಗ ಹೋಗಿ. ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದ ಗೆರೆ ಎಳ್ಕೊಂಡು ಹೋಗಿ, ದೊಡ್ಡ ಪಾದಕ್ಕೆ ತಗೊಳಿ. ಹೆಬ್ಬೆರಳ ಸಂದಿಲಿ ಪಟ್ಟಿ ಬರೋ ಹವಾಯಿ ಚಪ್ಪಲಿ ವಯಸ್ಸಾದವರಿಗೆ ಬೇಡವೇ ಬೇಡ, ಅದು ಜಾರದ ಹಾಗೆ ಹಿಡ್ಕೊಳೋಕೆ ಬೆರಳು ಬಿಗಿ ಮಾಡಿ ಕಾಲೆಳೆದು ನಡೀತಾರೆ, ಜೋಮು ಇದ್ರೆ ಕಾಲಿಂದ ಕಳಚಿ ಹೋದದ್ದೂ ಗೊತ್ತಾಗಲ್ಲ. ಹೊಸದು ಬೇಡ ಅಂತ ಹಠ ಮಾಡೋರಿಗೆ ಇದ್ದ ಚಪ್ಪಲಿಗೇ ಚಮ್ಮಾರರ ಹತ್ರ ಹಿಂದೆ ಒಂದು ವೆಲ್ಕ್ರೋ ಪಟ್ಟಿ ಹೊಲಿಸಿ, ಬಸ್ ಸ್ಟಾಂಡ್ ಹತ್ರ ಕೂತಿರೋ ಅವರಿಗೆ ಈ ಕೆಲಸ ದೊಡ್ಡ ಶೋರೂಮಿನವರಿಗಿಂತ ಚೆನ್ನಾಗಿ ಗೊತ್ತು.

ಮನೆ ಒಳಗೂ ಚಪ್ಪಲಿ ಹಾಕಿ ಅಂದ್ರೆ ಜಗಳಾನೇ ಆಗತ್ತೆ, ದೇವರ ಮನೆ ಇದೆ, ಅಡುಗೆ ಮನೆ ಇದೆ ಅಂತ. ಅದಕ್ಕೆ ನಾನು ಹೇಳೋದು, ಒಳಗೇ ಅಂತ ಬೇರೆ ಒಂದು ಜೊತೆ ಇರಲಿ, ಅದು ಹೊಸ್ತಿಲು ದಾಟಬಾರದು, ದೇವರ ಮನೆ ಬಾಗಿಲಲ್ಲಿ ಬಿಡಿ. ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟ ತಕ್ಷಣ ಹಿಮ್ಮಡಿ ಚುಳ್ಳಂತ ಆಗಿ ನಾಕು ಹೆಜ್ಜೆ ನಡೆದ ಮೇಲೆ ಕಮ್ಮಿಯಾಗೋರಿಗಂತೂ ಗ್ರಾನೈಟ್ ನೆಲದ ಮೇಲೆ ಬರಿಗಾಲು ಶತ್ರು. ಬಚ್ಚಲ ಬಾಗಿಲಿನ ಕಾಲೊರೆಸೋ ಬಟ್ಟೆ, ಹಳೆ ಸೀರೆ ಮಡಚಿ ಹಾಕಿರ್ತಾರಲ್ಲ, ಅದನ್ನ ಇವತ್ತೇ ತೆಗೀರಿ. ಊರುಗೋಲು ಇದ್ರೆ ಅದರ ಬುಡದ ರಬ್ಬರ್ ಸವೆದಿದೆಯಾ ನೋಡಿ, ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರ್ಬೇಕು, ನೋಯೋ ಕಾಲಿನ ಕಡೆ ಅಲ್ಲ, ಅದರ ಎದುರು ಕೈಲಿ ಹಿಡೀಬೇಕು, ಬಹಳ ಜನ ಉಲ್ಟಾ ಹಿಡೀತಾರೆ. ಬಡ ಹಿರಿಯರಿಗೆ ವಾಕರ್, ಕೋಲು ಎಲ್ಲ 2017ರಲ್ಲಿ ಶುರುವಾದ ಕೇಂದ್ರದ ವಯೋಶ್ರೀ ಯೋಜನೆಲಿ ಪುಕ್ಕಟೆ ಇದೆ, ಕ್ಯಾಂಪ್ ಮಾಡ್ತಾರೆ, ಆದ್ರೆ ಕ್ಯಾಂಪ್ ತನಕ ನಡ್ಕೊಂಡು ಬರೋಕಾಗದೇ ಇರೋರಿಗೇ ತಾನೇ ವಾಕರ್ ಬೇಕಿರೋದು.

ದೇವಸ್ಥಾನದ ಬಿಸಿಲೂ ಒಂದು ಮಾತು. ನಮ್ಮ ಜಿಲ್ಲೆದೇ ಶ್ರವಣಬೆಳಗೊಳ, ವಿಂಧ್ಯಗಿರಿಗೆ ಬಂಡೆಲಿ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಬೇಸಿಗೆಲಿ ಹತ್ತು ಗಂಟೆ ಮೇಲೆ ಆ ಬಂಡೆ ಕಾದಿರತ್ತೆ, ನರ ಸರಿ ಇದ್ದೋರು ಕುಣಿದಾಡ್ತಾರೆ, ಶುಗರಿನ ಅಜ್ಜ ಆರಾಮಾಗಿ ನಡೀತಾರೆ, ಮನೆಗೆ ಬಂದ ಮೇಲೆ ಅಂಗಾಲು ಪೂರ್ತಿ ಬೊಬ್ಬೆ. ಬುಡದಲ್ಲಿ ಸಾಕ್ಸ್ ಮಾರ್ತಾರೆ, ದಪ್ಪದ್ದು ಹಾಕ್ಕೊಂಡು ಬೆಳಗ್ಗೆ ಬೇಗ ಹತ್ತಿ, ಡೋಲಿಲಿ ಹೋದ್ರೂ ದೇವರೇನು ಬೇಜಾರು ಮಾಡ್ಕೊಳಲ್ಲ. ಬೇರೆ ದೇವಸ್ಥಾನಗಳ ಪ್ರಾಂಗಣದಲ್ಲಿ ಕೆಲವು ಕಡೆ ಬಿಳಿ ಬಣ್ಣ ಬಳಿದು ನಾರಿನ ಮ್ಯಾಟ್ ಹಾಸ್ತಾರೆ, ಮುಜರಾಯಿಯವರು ಎಲ್ಲ ಕಡೆ ಮಾಡಿಸಿದ್ರೆ ಪುಣ್ಯ ಬರತ್ತೆ.

ಬಸ್ಸಿನ ಬಗ್ಗೆ ಬರೆಯೋಕೆ ಹೋದ್ರೆ ಇನ್ನೊಂದು ಪತ್ರ ಆಗತ್ತೆ, ಇಷ್ಟು ಹೇಳ್ತೀನಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಇಲ್ಲ, ಗಂಡಸರಿಗೂ 60 ಆದ್ರೆ 25 ಪರ್ಸೆಂಟ್ ಕಮ್ಮಿ, ಸಂತೋಷ. ಆದ್ರೆ ನಮ್ಮ ಕಡೆ ಸಾಮಾನ್ಯ ಬಸ್ಸಿನ ಮೊದಲನೇ ಮೆಟ್ಟಿಲು ಅಜ್ಜಿಯರ ಮಂಡಿ ಎತ್ತರಕ್ಕೆ ಬರತ್ತೆ, ಡ್ರೈವರ್ ಸ್ಟಾಪಿಂದ ನಾಕು ಮಾರು ಮುಂದೆ ತಗ್ಗಲ್ಲಿ ನಿಲ್ಲಿಸಿದ್ರೆ ಇನ್ನೂ ಮೇಲೆ. ಕೆಳಗಿಂದ ಒಬ್ಬರು ತಳ್ಳಬೇಕು, ಮೇಲಿಂದ ಒಬ್ಬರು ಎಳೀಬೇಕು, ಕೂರೋ ಮುಂಚೆ ಕಂಡಕ್ಟರ್ ರೈಟ್ ಅಂತಾನೆ. ಟಿಕೆಟ್ ಪುಕ್ಕಟೆ ಆಗಿ ಮೆಟ್ಟಿಲು ಹತ್ತೋಕಾಗದೆ ಆಟೋಗೆ ದುಡ್ಡು ಕೊಟ್ಟು ಆಸ್ಪತ್ರೆಗೆ ಬರೋ ಹೆಂಗಸರನ್ನ ನೋಡಿದೀನಿ. ಬೆಂಗಳೂರಲ್ಲಿ ನೆಲ ಮಟ್ಟ ತಗ್ಗಿರೋ ಬಸ್ ಇವೆ, ಜಿಲ್ಲೆಗೂ ಬರಲಿ, ಬರೋವರೆಗೂ ಫುಟ್‌ಪಾತ್ ಪಕ್ಕಕ್ಕೇ ಒತ್ತಿ ನಿಲ್ಲಿಸೋದು ದುಡ್ಡು ಖರ್ಚಿಲ್ಲದ ಕೆಲಸ. ಫುಟ್‌ಪಾತ್ ಎತ್ತರ 150 ಮಿಲಿಮೀಟರ್ ಮೀರಬಾರದು ಅಂತ ರಸ್ತೆ ಹೇಗಿರ್ಬೇಕು ಅಂತ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ನಿಯಮ ಇದೆ, ನಮ್ಮೂರಲ್ಲಿ ಅಳತೆ ಪಟ್ಟಿ ಹಿಡ್ಕೊಂಡು ಹೋಗಿ ಯಾರಾದ್ರೂ ನೋಡ್ಲಿ.

ಆರೋಗ್ಯ ಇಲಾಖೆಯವರು ಇದನ್ನ ಓದ್ತಿದ್ರೆ ಮೂರು ಕೇಳಿಕೆ. ಕುಷ್ಠರೋಗ ವಿಭಾಗದ ಎಂಸಿಆರ್ ಚಪ್ಪಲಿ ವ್ಯವಸ್ಥೆನ ಜೋಮು ಹಿಡಿದ ಶುಗರ್ ಪೇಷಂಟ್‌ಗಳಿಗೂ ತೆರೀರಿ. ತಾಲ್ಲೂಕು ಆಸ್ಪತ್ರೆಲಿ ತಿಂಗಳಿಗೆ ಒಂದು ಮಧ್ಯಾಹ್ನ ಪಾದಕ್ಕೆ ಅಂತ ಇಡಿ, ಸಂತೆ ದಿನ ಇಟ್ರೆ ಜನ ಬರ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಲಿ ಮನೆ ಬಾಗಿಲಿಗೆ ಬಂದು ಬಿಪಿ ಶುಗರ್ ನೋಡೋ ಸಿಬ್ಬಂದಿ ಹಾಸಿಗೆ ಹಿಡಿದಿರೋ ಹಿರಿಯರ ಹೊದಿಕೆ ಸರಿಸಿ ಹಿಮ್ಮಡಿನೂ ಒಂದ್ಸಲ ನೋಡ್ಲಿ, ಮಲಗಿದವರಿಗೆ ಹುಣ್ಣು ಅಲ್ಲೂ ಆಗತ್ತೆ.

ನಿಮಗೂ ಒಂದು ಕೇಳಿಕೆ ಸಂಪಾದಕರೇ. ಅಕ್ಟೋಬರ್ 1ಕ್ಕೆ ಹಿರಿಯ ನಾಗರಿಕರ ದಿನ, ಅವತ್ತು ಜಿಲ್ಲಾ ಪುಟದ ತುಂಬ ಸನ್ಮಾನದ ಫೋಟೋ ಬರತ್ತೆ, ಶಾಲು, ಪೇಟ, ಹಣ್ಣಿನ ಬುಟ್ಟಿ. ಈ ಸಲ ಅದಕ್ಕೂ ಒಂದು ವಾರ ಮುಂಚೆ ಆ ಆರು ಬೆರಳು ಮುಟ್ಟಿ ನೋಡೋ ಪರೀಕ್ಷೆನ ಚಿತ್ರದ ಜೊತೆ ಹಾಕಿ. ಸನ್ಮಾನ ಮಾಡೋ ಸಂಘದವರು ಶಾಲಿನ ಬದಲು ಒಂದೊಂದು ಜೊತೆ ಎಂಸಿಆರ್ ಚಪ್ಪಲಿ ಕೊಡೋ ಯೋಚನೆ ಮಾಡ್ಲಿ, ಆದ್ರೆ ಅಂದಾಜಿಗೆ ತರಬೇಡಿ, ಮೊದಲೇ ಮನೆಗೆ ಹೋಗಿ ಎರಡೂ ಪಾದದ ಅಳತೆ ತಗೊಂಡು ಬನ್ನಿ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ಹಾಸನ ಜಿಲ್ಲೆ